ಹಿಂದಿ ಪಖವಾಡಾದಲ್ಲಿ ಒಂದು ಅರ್ಜಿ

ನಮ್ಮ ವಲಯ ಕಚೇರಿಯ ಬಾಗಿಲು ದಾಟಿದ ಕೂಡಲೇ ಎಡಗಡೆಯ ಗೋಡೆಯ ಮೇಲೆ ಒಂದು ಬಿಳಿ ಹಲಗೆ ಇತ್ತು. ಅದರ ತಲೆಭಾಗದಲ್ಲಿ ‘ಆಜ್ ಕಾ ಶಬ್ದ್’, ಎಂದರೆ ‘ಇಂದಿನ ಪದ’, ಎಂದು ದೇವನಾಗರಿಯಲ್ಲಿ ಅಚ್ಚಾಗಿತ್ತು. ಕೆಳಗಿನ ಮೂರು ಸಾಲುಗಳು ಒಂದು ಇಂಗ್ಲಿಷ್ ಪದಕ್ಕೆ, ಅದರ ಹಿಂದಿಗೆ, ಅದರ ಕನ್ನಡಕ್ಕೆ ಮೀಸಲು. ಬ್ಯಾಂಕಿನಲ್ಲಿ ನಾನು ಕಳೆದ ಮೂವತ್ತನಾಲ್ಕು ವರ್ಷಗಳಲ್ಲಿ ಊರುಗಳು ಬದಲಾದವು, ಲೆಡ್ಜರುಗಳು ಹೋಗಿ ಕಂಪ್ಯೂಟರುಗಳು ಬಂದವು, ಆದರೆ ಈ ಹಲಗೆ ಮಾತ್ರ ವರ್ಗವಾದಲ್ಲೆಲ್ಲ ನನಗಿಂತ ಮೊದಲೇ ಬಂದು ಕಾಯುತ್ತಿತ್ತು. ವರ್ಷದ ಹನ್ನೊಂದು ತಿಂಗಳು ಅದರ ಮೇಲಿನ ಪದ ವಾರಗಟ್ಟಲೆ ಒಣಗುತ್ತಿರುತ್ತಿತ್ತು. ಸೆಪ್ಟೆಂಬರ್ ಬಂದಿತೆಂದರೆ ದಿನಕ್ಕೊಂದು ಹೊಸ ಪದ ಚಿಗುರುತ್ತಿತ್ತು, ಏಕೆಂದರೆ 14ರಂದು ಹಿಂದಿ ದಿವಸ, ಅದರ ಆಚೀಚೆಗೆ ಹದಿನೈದು ದಿನಗಳ ಹಿಂದಿ ಪಖವಾಡಾ.

ಕೇಂದ್ರ ಸರ್ಕಾರದ ಕಚೇರಿಗಳಲ್ಲಿ, ಸರ್ಕಾರಿ ಬ್ಯಾಂಕುಗಳಲ್ಲಿ ಕೆಲಸ ಮಾಡಿದವರಿಗೆ ಈ ಹಬ್ಬದ ವಿಧಿವಿಧಾನಗಳು ಬಾಯಿಪಾಠ. ಟಿಪ್ಪಣಿ ಬರೆಯುವ ಸ್ಪರ್ಧೆ, ಶ್ರುತಲೇಖನ, ಭಾಷಣ, ಅಂತ್ಯಾಕ್ಷರಿ, ಕೊನೆಯ ದಿನ ಸಮೋಸಾ ಮತ್ತು ಬಹುಮಾನ. ನಮ್ಮ ಕಚೇರಿಯ ಕನ್ನಡಿಗರ ಪೈಕಿ ನನ್ನ ಹಿಂದಿ ಕೊಂಚ ಚೆನ್ನಾಗಿದ್ದುದರಿಂದ ಬಹುಮಾನವಂತೂ ತಪ್ಪುತ್ತಿರಲಿಲ್ಲ. ಹಾಗೆ ಬಂದ ಸ್ಟೀಲಿನ ಡಬ್ಬಿಗಳಲ್ಲಿ ನಮ್ಮ ಮನೆಯ ತೊಗರಿಬೇಳೆ, ಕಡಲೆಬೇಳೆ ಇಂದಿಗೂ ಕುಳಿತಿವೆ. ಅಷ್ಟರ ಮಟ್ಟಿಗೆ ನಾನು ರಾಜಭಾಷೆಯ, ಎಂದರೆ ಸರ್ಕಾರಿ ಹಿಂದಿಯ, ಋಣದಲ್ಲಿದ್ದೇನೆ. ಆದರೂ ಪ್ರತಿ ವರ್ಷ ಆ ವೇದಿಕೆ ಇಳಿಯುವಾಗ, ನಾನು ಪ್ರೀತಿಸಿ ಕಲಿತ ಹಿಂದಿಗೂ ಈ ಹದಿನೈದು ದಿನ ನಾವು ಆರತಿ ಎತ್ತುತ್ತಿದ್ದ ಹಿಂದಿಗೂ ಮುಖಪರಿಚಯವಾದರೂ ಇದೆಯೇ ಎಂಬ ಸಂಶಯ ನನ್ನನ್ನು ಕಾಡುತ್ತಿತ್ತು.

ನನಗೆ ಹಿಂದಿ ಬಂದದ್ದು ತಾಯಿಯಿಂದ. ಧಾರವಾಡದ ನಮ್ಮ ಮನೆಯ ಪಡಸಾಲೆಯಲ್ಲಿ ಸಂಜೆ ಐದರಿಂದ ಏಳರವರೆಗೆ ಆಕೆ ಓಣಿಯ ಹುಡುಗಿಯರಿಗೆ ಪ್ರಚಾರ ಸಭೆಯ ಪರೀಕ್ಷೆಗಳಿಗೆ ಪಾಠ ಹೇಳುತ್ತಿದ್ದಳು: ಪ್ರಾಥಮಿಕ, ಮಧ್ಯಮಾ, ರಾಷ್ಟ್ರಭಾಷಾ, ಪ್ರವೇಶಿಕಾ, ಆಮೇಲೆ ವಿಶಾರದ, ಪ್ರವೀಣ. ಗಾಂಧೀಜಿ 1918ರಲ್ಲಿ ಮದ್ರಾಸಿನಲ್ಲಿ ಹುಟ್ಟುಹಾಕಿದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಶಾಖೆ ಧಾರವಾಡದಲ್ಲಿದೆ. ಸಭೆಯ ಮೊದಲ ಪ್ರಚಾರಕರಾಗಿ ದಕ್ಷಿಣಕ್ಕೆ ಬಂದವರು ಗಾಂಧೀಜಿಯವರ ಮಗ ದೇವದಾಸರು. ಹತ್ತನೆಯ ಇಯತ್ತೆ ಮುಗಿಸಿ ಮದುವೆಗೆ ಕಾಯುತ್ತ ಮನೆಯಲ್ಲಿದ್ದ ಹುಡುಗಿಯರಿಗೆ ಹೊರಗೆ ಹೋಗಲು ಒಂದು ನೆಪವಾಗಿ, ಕೈಯಲ್ಲಿ ಒಂದು ಸರ್ಟಿಫಿಕೇಟಾಗಿ, ಕೆಲವರಿಗೆ ಶಾಲೆಯ ಹಿಂದಿ ಟೀಚರ್ ಕೆಲಸವಾಗಿ ಆ ಪರೀಕ್ಷೆಗಳು ದಕ್ಕಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವರಲ್ಲಿ ಯಾರನ್ನೂ ಯಾವ ಸುತ್ತೋಲೆಯೂ ಹಿಂದಿ ಕಲಿಯುವಂತೆ ಬಲವಂತ ಮಾಡಿರಲಿಲ್ಲ. ಹಿಂದಿ ನಮ್ಮ ‘ರಾಷ್ಟ್ರಭಾಷೆ’ ಎಂದು ನಮ್ಮ ತಾಯಿ ಕಡೆಯವರೆಗೂ ನಂಬಿದ್ದಳು. ಪರೀಕ್ಷೆಯ ಹೆಸರೇ ಹಾಗಿದ್ದುದರಿಂದ ಅದು ಅವಳ ತಪ್ಪಲ್ಲ. ಸಂವಿಧಾನದಲ್ಲಿ ಆ ಮಾತಿಲ್ಲವೆಂದು ನಾನು ಹೇಳಿದಾಗ, ‘ಇಲ್ದಿದ್ರ ಏನಾತು, ಭಾಷಾ ಛಲೋ ಐತಿಲ್ಲ’ ಎಂದು ಅಕ್ಕಿ ಆರಿಸುವುದನ್ನು ಮುಂದುವರಿಸಿದ್ದಳು.

ಆ ಮಾತು ಸಂವಿಧಾನದಲ್ಲಿ ಇಲ್ಲದಿರುವುದು ಮರೆವಿನಿಂದಲ್ಲ. 343ನೆಯ ವಿಧಿ ಹೇಳುವುದು ಇಷ್ಟೇ: ಒಕ್ಕೂಟದ ಅಧಿಕೃತ ಭಾಷೆ ದೇವನಾಗರಿ ಲಿಪಿಯಲ್ಲಿನ ಹಿಂದಿ. ಆ ಒಂದು ವಾಕ್ಯಕ್ಕಾಗಿ ಸಂವಿಧಾನ ಸಭೆ 1949ರ ಸೆಪ್ಟೆಂಬರ್ 12ರಿಂದ 14ರವರೆಗೆ ಮೂರು ದಿನ ಬಡಿದಾಡಿತು. ಬಹುಮತದಿಂದ ಗೆದ್ದರೂ ಉತ್ತರದವರೋ ದಕ್ಷಿಣದವರೋ ಒಪ್ಪದ ತೀರ್ಮಾನವನ್ನು ಜಾರಿಗೆ ತರುವುದು ಕಷ್ಟವಾದೀತೆಂದು ಅಧ್ಯಕ್ಷ ರಾಜೇಂದ್ರ ಪ್ರಸಾದರು ಚರ್ಚೆಯ ಆರಂಭದಲ್ಲಿಯೇ ಎಚ್ಚರಿಸಿದ್ದರು. ಹಿಂದಿ ಒಂದೇ ಒಂದು ಮತದಿಂದ ಗೆದ್ದಿತೆಂದು ಆಗಾಗ ಕೇಳಿಬರುವ ಕತೆ ಕಾಂಗ್ರೆಸ್ ಪಕ್ಷದ ಒಳಸಭೆಯ ಬಗ್ಗೆ ಅಂಬೇಡ್ಕರ್ ಬರೆದಿಟ್ಟ ಮಾತಿನಿಂದ ಹುಟ್ಟಿದ್ದೇ ಹೊರತು ಸಂವಿಧಾನ ಸಭೆಯ ಮತದಾನದಿಂದಲ್ಲ. ಸಭೆ ಅಂಗೀಕರಿಸಿದ್ದು ಕೆ.ಎಂ. ಮುನ್ಶಿ ಮತ್ತು ಎನ್. ಗೋಪಾಲಸ್ವಾಮಿ ಅಯ್ಯಂಗಾರ್ ಹೆಣೆದ ರಾಜಿಸೂತ್ರವನ್ನು: ಹಿಂದಿ ಇರಲಿ, ಇಂಗ್ಲಿಷ್ ಹದಿನೈದು ವರ್ಷ ಮುಂದುವರಿಯಲಿ, ಅಂಕಿಗಳು ಮಾತ್ರ ಭಾರತೀಯ ಅಂಕಿಗಳ ಅಂತರರಾಷ್ಟ್ರೀಯ ರೂಪದಲ್ಲಿರಲಿ. ಈ ಅಂಕಿಗಳ ಮೇಲೆಯೇ ಜಗಳದ ದೊಡ್ಡ ಪಾಲು ನಡೆದದ್ದು ಇಂದಿಗೆ ವಿಚಿತ್ರವಾಗಿ ಕಾಣುತ್ತದೆ. ಪುರುಷೋತ್ತಮದಾಸ್ ಟಂಡನ್, ಸೇಠ್ ಗೋವಿಂದ ದಾಸ್ ಮೊದಲಾದವರಿಗೆ ದೇವನಾಗರಿ ಅಂಕಿಗಳೇ ಬೇಕಿದ್ದವು, ಸಿಗಲಿಲ್ಲ. ಈ ಬರಹದಲ್ಲಿ ನಾನು ಇಸವಿ ಬರೆಯುತ್ತಿರುವ ಅಂಕಿಗಳೂ ಆ ರಾಜಿಯಲ್ಲಿ ಉಳಿದ ಅಂಕಿಗಳೇ.

ಹೀಗಾಗಿ ಸೆಪ್ಟೆಂಬರ್ 14 ಒಂದು ಭಾಷೆಯ ಹುಟ್ಟುಹಬ್ಬವಲ್ಲ, ಜಯಂತಿಯೂ ಅಲ್ಲ. ದಣಿದ ಎರಡು ಪಕ್ಷಗಳು ಸಹಿ ಹಾಕಿದ ಒಂದು ಒಪ್ಪಂದದ ತಾರೀಖು. ಅದನ್ನು ಹಬ್ಬವಾಗಿ ಆಚರಿಸುವ ರೂಢಿ ಬೆಳೆದದ್ದು 1953ರಿಂದ ಈಚೆಗೆ. ಒಪ್ಪಂದದ ವಾರ್ಷಿಕೋತ್ಸವ ಆಚರಿಸುವುದರಲ್ಲಿ ತಪ್ಪೇನಿಲ್ಲ, ಆದರೆ ಒಪ್ಪಂದಕ್ಕೆ ಎರಡು ಕಡೆಯವರಿದ್ದರು ಎಂಬುದನ್ನು ನಮ್ಮ ವೇದಿಕೆಯ ಮೇಲೆ ನಿಂತು ಯಾರೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡಿದ್ದು ಆ ಮೂರು ದಿನಗಳಿಗಿಂತ ಎರಡು ವರ್ಷ ಹಿಂದಿನ ಒಂದು ಸಂಗತಿ. ಆ ಹೊತ್ತಿಗೆ ಗಾಂಧೀಜಿ ಹೇಳುತ್ತಿದ್ದುದು ಹಿಂದಿಯಲ್ಲ, ಹಿಂದುಸ್ತಾನಿ. ನಾಗರಿಯಲ್ಲೂ ಉರ್ದು ಲಿಪಿಯಲ್ಲೂ ಬರೆಯಬಹುದಾದ, ಪೇಟೆಯಲ್ಲಿ ಜನ ಆಡುವ ನುಡಿ. ದೇಶ ಒಡೆಯುವುದು ಖಚಿತವಾದ 1947ರ ಜುಲೈನಲ್ಲಿ ಸಂವಿಧಾನ ಸಭೆಯ ಕಾಂಗ್ರೆಸ್ ಸದಸ್ಯರು ತಮ್ಮೊಳಗೆ ಮತ ಹಾಕಿದಾಗ ಹಿಂದಿಗೆ 63 ಮತ ಬಿದ್ದರೆ ಹಿಂದುಸ್ತಾನಿಗೆ ಬಿದ್ದದ್ದು 32. ಮುಂದೆ 351ನೆಯ ವಿಧಿ ಹಿಂದಿಯನ್ನು ಬೆಳೆಸುವ ಹೊಣೆಯನ್ನು ಒಕ್ಕೂಟಕ್ಕೆ ವಹಿಸುವಾಗ, ಹಿಂದುಸ್ತಾನಿಯ ಮತ್ತು ಭಾರತದ ಇತರ ಭಾಷೆಗಳ ರೂಪ, ಶೈಲಿಗಳನ್ನು ಅರಗಿಸಿಕೊಳ್ಳಬೇಕೆಂದು ಹೇಳಿತು. ಪದಗಳನ್ನು ಮಾತ್ರ ಮುಖ್ಯವಾಗಿ ಸಂಸ್ಕೃತದಿಂದ ತೆಗೆದುಕೊಳ್ಳಬೇಕೆಂದಿತು. ವಿಧಿಯ ಈ ಎರಡು ಕಾಲುಗಳಲ್ಲಿ ಒಂದರ ಮೇಲೆಯೇ ರಾಜಭಾಷೆ ಕುಂಟುತ್ತ ಇಷ್ಟು ದೂರ ಬಂದಿದೆಯೆಂಬುದು ನನ್ನ ತಿಳಿವಳಿಕೆ. ಈ ತಿಳಿವಳಿಕೆ ನನಗೆ ಗ್ರಂಥಗಳಿಂದ ಬಂದದ್ದಲ್ಲ. ಬಾರಾಬಂಕಿಯ ಒಬ್ಬ ರೈತನಿಂದ ಬಂದದ್ದು.

ಬಡ್ತಿಯ ಮೇಲೆ ನನ್ನನ್ನು ಲಖನೌ ವಲಯಕ್ಕೆ ಹಾಕಿದಾಗ ಮೊದಲ ಎರಡು ವರ್ಷ ಬಾರಾಬಂಕಿ ಜಿಲ್ಲೆಯ ಒಂದು ಹಳ್ಳಿ ಶಾಖೆಯಲ್ಲಿದ್ದೆ. ಪಾರಿತೋಷಕ ಗೆದ್ದ ನನ್ನ ಹಿಂದಿ ಅಲ್ಲಿ ಮೊದಲ ದಿನವೇ ಮಣ್ಣು ಮುಕ್ಕಿತು. ಅಲ್ಲಿನವರು ಆಡುತ್ತಿದ್ದುದು ‘ಅವಧಿ’ ಎಂಬ ಆ ಸೀಮೆಯ ನುಡಿ. ನನ್ನ ವ್ಯಾಕರಣಬದ್ಧ ವಾಕ್ಯಗಳನ್ನು ಅವರು, ಹೊರಗಿನಿಂದ ಬಂದ ಸಾಹೇಬರು ಪಾಪ ಹೀಗೇ ಮಾತನಾಡುವುದು ಎಂಬ ಕರುಣೆಯಿಂದ ಕೇಳಿಸಿಕೊಳ್ಳುತ್ತಿದ್ದರು. ಒಂದು ಮಧ್ಯಾಹ್ನ ಅರವತ್ತು ದಾಟಿದ ರೈತರೊಬ್ಬರು ಖತೌನಿಯ ನಕಲು ಹಿಡಿದು ಸಾಲಕ್ಕೆ ಬಂದರು. ಖತೌನಿಯೆಂದರೆ ನಮ್ಮ ಪಹಣಿಯ ಸೋದರಸಂಬಂಧಿ. ನಾನು ಫಾರಂ ಓದಿ ಹೇಳತೊಡಗಿದೆ: ಆವೇದಕ, ಋಣ, ಸಂಸ್ವೀಕೃತಿ, ಪ್ರತಿಲಿಪಿ, ಬಂಧಕ. ಅವರು ಎಲ್ಲಕ್ಕೂ ತಲೆಯಾಡಿಸಿ, ಎಲ್ಲ ಮುಗಿದ ಮೇಲೆ, ‘ಸಾಹಬ್, ಖೇತ್ ಗಿರವೀ ತೋ ನಹೀಂ ಹೋ ಜಾಯೇಗಾ?’, ಹೊಲ ಅಡವಿಗೆ ಬೀಳುವುದಿಲ್ಲ ತಾನೇ, ಎಂದು ಕೇಳಿದರು.

ಗಿರವಿ! ಧಾರವಾಡದ ಸಂತೆಯಲ್ಲಿ, ನಮ್ಮಜ್ಜ ಎರಡು ಎಕರೆ ಹೊಲ ಕಳೆದುಕೊಂಡ ಕತೆಯಲ್ಲಿ, ಸರಾಫ ಕಟ್ಟೆಯ ಅಂಗಡಿಗಳ ಫಲಕಗಳಲ್ಲಿ ನಾನು ಹುಟ್ಟಿದಾಗಿನಿಂದ ಕೇಳಿದ, ನೋಡಿದ ಪದ ಅದು. ನೂರಾರು ಮೈಲಿಯಾಚೆ ಅವಧಿ ಆಡುವ ರೈತನೂ ಕನ್ನಡ ಆಡುವ ರೈತನೂ ತಮ್ಮ ಅತಿ ದೊಡ್ಡ ಭಯಕ್ಕೆ ಒಂದೇ ಹೆಸರು ಇಟ್ಟಿದ್ದರು. ಇಬ್ಬರಿಗೂ ತಿಳಿಯದ ‘ಬಂಧಕ’ ಎಂಬ ಪದವನ್ನು ನಮ್ಮ ಫಾರಂ ಹುಡುಕಿಕೊಂಡು ತಂದಿತ್ತು. ಅದರಲ್ಲೂ ಈ ‘ಬಂಧಕ’ ಹಿಂದಿ ಪತ್ರಿಕೆಗಳಲ್ಲಿ ಒತ್ತೆಯಾಳಿಗೂ ಬಳಕೆಯಾಗುವುದರಿಂದ, ಆ ರೈತರು ಸಾಲ ಪಡೆಯಲು ತಮ್ಮನ್ನೇ ಕಟ್ಟಿಹಾಕುತ್ತಾರೆಂದು ತಿಳಿದಿದ್ದರೂ ಆಶ್ಚರ್ಯವಿರಲಿಲ್ಲ.

ಆ ರಾತ್ರಿ ಒಂದು ಹಳೆಯ ಡೈರಿಯಲ್ಲಿ ಪಟ್ಟಿ ಮಾಡುತ್ತ ಕುಳಿತೆ. ಅರ್ಜಿ, ಮಂಜೂರು, ನಕಲು, ಜಮೆ, ಬಾಕಿ, ವಸೂಲಿ, ರಸೀದಿ, ಹಾಜರಿ, ಖಾತೆ, ದಾಖಲೆ, ಕಚೇರಿ, ಜಿಲ್ಲೆ, ತಹಶೀಲ್ದಾರ. ಪುಟ ತುಂಬಿದರೂ ಮುಗಿಯಲಿಲ್ಲ. ಆದಿಲಶಾಹಿ, ಮರಾಠರು, ಮೊಗಲರು, ಹೈದರ್ ಮತ್ತು ಟಿಪ್ಪುವಿನ ಆಡಳಿತಗಳು ಒಂದಾದ ಮೇಲೊಂದರಂತೆ ಕನ್ನಡನಾಡಿನ ಲೆಕ್ಕಪತ್ರಗಳಲ್ಲಿ ಬಿಟ್ಟುಹೋದ, ಬಹುಪಾಲು ಪಾರಸಿ, ಅರಬ್ಬಿ ಮೂಲದ ಈ ಪದಗಳನ್ನು ಮೈಸೂರಿನ ಅಮಲ್ದಾರರೂ ಬಳಸಿದರು, ಮುಂಬಯಿ ಪ್ರಾಂತದ ಮಾಮಲೇದಾರರೂ ಬಳಸಿದರು, ನಮ್ಮ ಅಜ್ಜಂದಿರು ಅವನ್ನು ಅಚ್ಚಕನ್ನಡವೆಂದೇ ತಿಳಿದು ಬದುಕಿದರು. ಭಾರತದ ಆಡಳಿತಕ್ಕೆ ಒಂದು ಸಾಮಾನ್ಯ ನುಡಿ ಬೇಕೆಂದು 1949ರಲ್ಲಿ ಅಷ್ಟೆಲ್ಲ ವಾದ ನಡೆಯಿತಲ್ಲ, ಅದರ ಅರ್ಧ ಅದಾಗಲೇ ತಾಲ್ಲೂಕು ಕಚೇರಿಗಳ ಕಟ್ಟೆಯ ಮೇಲೆ ಕುಳಿತಿತ್ತು. ಪಟ್ಟಾಭಿಷೇಕದ ಸಡಗರದಲ್ಲಿ ಅದನ್ನೇ ಎಬ್ಬಿಸಿ ಹೊರಗೆ ಕಳಿಸಿದರು. 1961ರಲ್ಲಿ ಹುಟ್ಟಿದ ಪಾರಿಭಾಷಿಕ ಶಬ್ದಾವಳಿ ಆಯೋಗ ಮತ್ತು ಅದರ ಆಚೀಚಿನ ಪಂಡಿತರು ಶ್ರಮಪಟ್ಟು ಕಟ್ಟಿದ ಪದಗಳಲ್ಲಿ ಒಳ್ಳೆಯವೂ ಇವೆಯೆಂದು ನಾನು ಬಲ್ಲೆ. ಆದರೆ ಜೀವಂತವಾಗಿದ್ದ ಪದವನ್ನು ಬದಿಗೊತ್ತಿ ಅದರ ಜಾಗದಲ್ಲಿ ಹೊಸದನ್ನು ಕೂರಿಸಿದಲ್ಲೆಲ್ಲ ಅವು ಫಾರಮ್ಮಿನ ಹೊರಗೆ ಕಾಲಿಡಲಿಲ್ಲ. ಇಲ್ಲಿ ಕನ್ನಡಿಗರೂ ಬೀಗುವಂತಿಲ್ಲ. 1963ರ ಕರ್ನಾಟಕ ಅಧಿಕೃತ ಭಾಷಾ ಕಾಯ್ದೆಯ ನಂತರ ನಮ್ಮ ಸರ್ಕಾರಿ ಕನ್ನಡವೂ ಕೆಲವೊಮ್ಮೆ ಸಂಸ್ಕೃತದ ಪಾಠಶಾಲೆಯಿಂದ ಈಗಷ್ಟೇ ಹೊರಬಂದಂತೆ ಮಾತನಾಡುತ್ತದೆ.

ಸಂಸ್ಕೃತದ ಪದಗಳಾದರೆ ದಕ್ಷಿಣದವರಿಗೂ ಸುಲಭವಾಗಿ ತಿಳಿಯುತ್ತವೆ ಎಂಬುದು ಆಗ ಹೂಡುತ್ತಿದ್ದ ವಾದ. ಒಳ್ಳೆಯ ಮನಸ್ಸಿನ ವಾದ, ಆದರೆ ಕನ್ನಡಿಗರನ್ನು ಕೇಳಿ ಹೂಡಿದ್ದಲ್ಲ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ರಜೆಯ ಫಾರಂ ನೋಡಿ ಗಾಬರಿಯಾದೆ: ಅದರಲ್ಲಿ ‘ಆಕಸ್ಮಿಕ ಅವಕಾಶ’ ಬೇಕೇ ‘ಅರ್ಜಿತ ಅವಕಾಶ’ ಬೇಕೇ ಎಂದು ಕೇಳಿದ್ದರು. ಆಕಸ್ಮಿಕವಾಗಿ ಒದಗುವ ಅವಕಾಶವನ್ನು ಮೊದಲೇ ಬರೆದುಕೊಡುವುದು ಹೇಗೆ? ಹಿಂದಿಯಲ್ಲಿ ಅವಕಾಶವೆಂದರೆ ರಜೆ. ‘ಅನುಮಾನಿತ ವ್ಯಯ’ ಎಂಬ ಶೀರ್ಷಿಕೆಯಡಿ ಕಟ್ಟಡ ದುರಸ್ತಿಯ ಲೆಕ್ಕ ಬಂದಾಗ ಗುತ್ತಿಗೆದಾರನ ಮೇಲೆ ಯಾರಿಗೋ ಸಂಶಯ ಬಂದಿದೆಯೆಂದು ನಾನು ಖಂಡಿತ ತಿಳಿದಿದ್ದೆ. ಅದು ಬರಿಯ ಅಂದಾಜು. ಹಿಂದಿಯ ಉಪನ್ಯಾಸವನ್ನು ಓದಬೇಕು, ಕನ್ನಡದ ಉಪನ್ಯಾಸವನ್ನು ಸಹಿಸಿಕೊಳ್ಳಬೇಕು. ಹಿಂದಿಯ ಸಂಸಾರ ಇಡೀ ಜಗತ್ತು, ನಮ್ಮದು ಹೆಂಡತಿ ಮಕ್ಕಳು. ದೆಹಲಿಯಲ್ಲಿ ಒಂದು ‘ಶಿಕ್ಷಾ ಮಂತ್ರಾಲಯ’ವಿದೆಯೆಂದು ಕೇಳಿದ ನಮ್ಮ ಸೋದರತ್ತೆ, ರಾಯರ ಮಠದಲ್ಲಿ ಶಿಕ್ಷೆ ಯಾರಿಗೆ ಎಂದು ಕೈ ಮುಗಿದಿದ್ದಳು. ಗಿರವಿಯ ವಿಷಯದಲ್ಲಿ ಇಂತಹ ಎಡವಟ್ಟು ಆಗುವ ಸಾಧ್ಯತೆಯೇ ಇರಲಿಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ನಮ್ಮ ಹಿಂದಿ ಅಧಿಕಾರಿಯ ಜೊತೆ ಸ್ನೇಹವಾಯಿತು. ಕರ್ನಾಟಕ 1976ರ ರಾಜಭಾಷಾ ನಿಯಮಗಳ ಪ್ರಕಾರ ‘ಗ’ ಕ್ಷೇತ್ರ. ಹಿಂದಿ ರಾಜ್ಯಗಳು ‘ಕ’, ಮಹಾರಾಷ್ಟ್ರ, ಗುಜರಾತ್, ಪಂಜಾಬ್‌ಗಳು ‘ಖ’, ಉಳಿದವರು ‘ಗ’, ಆ ನಿಯಮಗಳು ತಮಿಳುನಾಡಿಗೆ ಅನ್ವಯಿಸುವುದೇ ಇಲ್ಲ. ಗ ಕ್ಷೇತ್ರದ ಹಿಂದಿ ಅಧಿಕಾರಿಯ ಬದುಕು ಒಂದು ಏಕಾಂಗಿ ಬದುಕು. ರಾಜಭಾಷಾ ಕಾಯ್ದೆಯ ಧಾರಾ 3(3)ರ ಪ್ರಕಾರ ಸಾಮಾನ್ಯ ಆದೇಶ, ಅಧಿಸೂಚನೆ, ಟೆಂಡರುಗಳನ್ನು ಎರಡೂ ಭಾಷೆಗಳಲ್ಲಿ ಹೊರಡಿಸಬೇಕು; ಮೂರು ತಿಂಗಳಿಗೊಮ್ಮೆ ತಿಮಾಹಿ ರಿಪೋರ್ಟ್ ತುಂಬಬೇಕು; ನರಾಕಾಸದ, ಎಂದರೆ ನಗರ ರಾಜಭಾಷಾ ಕಾರ್ಯಾನ್ವಯನ ಸಮಿತಿಯ ಸಭೆಗೆ ಹೋಗಿ ಎಷ್ಟು ಪ್ರತಿಶತ ಪತ್ರಗಳು ಹಿಂದಿಯಲ್ಲಿ ಹೋದವೆಂದು ಲೆಕ್ಕ ಒಪ್ಪಿಸಬೇಕು. ಆ ಪತ್ರಗಳನ್ನು ಯಾರಾದರೂ ಓದಿದರೇ ಎಂಬ ಅಂಕಣ ರಿಪೋರ್ಟಿನಲ್ಲಿ ಇರುವುದಿಲ್ಲ. ಇಷ್ಟಾಗಿ ನಮ್ಮ ಹಿಂದಿ ಅಧಿಕಾರಿ ಉತ್ತರ ಪ್ರದೇಶದ ದೇವರಿಯಾ ಕಡೆಯವರು. ಊಟದ ವೇಳೆಗೆ ತಾಯಿಗೆ ಫೋನ್ ಮಾಡಿದರೆಂದರೆ ಅವರ ಬಾಯಿಂದ ಹೊರಡುತ್ತಿದ್ದುದು ಭೋಜಪುರಿ. ಆ ಹತ್ತು ನಿಮಿಷ ಅವರ ಮುಖ ಬೇರೆಯವರದಾಗುತ್ತಿತ್ತು.

2011ರ ಜನಗಣತಿ ಹಿಂದಿಯವರು 52.8 ಕೋಟಿ ಎನ್ನುತ್ತದೆ, ದೇಶದ ಶೇಕಡ 43.6. ಆ ಮೊತ್ತವನ್ನು ಬಿಡಿಸಿ ನೋಡಿದರೆ ತಮ್ಮ ತಾಯ್ನುಡಿ ‘ಹಿಂದಿ’ ಎಂದೇ ಬರೆಸಿದವರು 32.2 ಕೋಟಿ, ಉಳಿದವರು ಭೋಜಪುರಿ, ರಾಜಸ್ಥಾನಿ, ಛತ್ತೀಸಗಢಿ, ಮಗಹಿ ಎಂದು ಬರೆಸಿ ಹಿಂದಿಯ ಖಾತೆಗೆ ಜಮೆಯಾದವರು. ಭೋಜಪುರಿ ಎಂದವರೇ ಐದು ಕೋಟಿಗಿಂತ ಹೆಚ್ಚು. ಅದೇ ಗಣತಿಯಲ್ಲಿ ಕನ್ನಡಿಗರು 4.37 ಕೋಟಿ. ನಮಗೆ ಸಂವಿಧಾನದ ಎಂಟನೆಯ ಅನುಸೂಚಿಯ ಮೊದಲ ಹದಿನಾಲ್ಕು ಭಾಷೆಗಳಲ್ಲೇ ಜಾಗ ಸಿಕ್ಕಿತು, ಭೋಜಪುರಿಗೆ ಇಂದಿಗೂ ಇಲ್ಲ. ಮೈಥಿಲಿ ಮಾತ್ರ 2003ರ ತಿದ್ದುಪಡಿಯಲ್ಲಿ ಹೊರಬಂದು ಬೇರೆ ಮನೆ ಮಾಡಿತು. ಹಿಂದಿ ಹೇರಿಕೆಯ ಬಗ್ಗೆ ನಾವು ದಕ್ಷಿಣದವರು ಮಾತನಾಡುವಾಗ, ರಾಜಭಾಷೆಯ ಭಾರವನ್ನು ಮೊದಲು ಹೊತ್ತವರು ಹಿಂದಿ ನಾಡಿನ ಈ ನುಡಿಗಳವರೇ ಎಂಬುದು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಒಮ್ಮೆ ನಾನು ಇದನ್ನೆಲ್ಲ ಹೇಳಿದಾಗ ನಮ್ಮ ಹಿಂದಿ ಅಧಿಕಾರಿ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಭೋಜಪುರಿ ಮೇಂ ನೌಕರೀ ಥೋಡೀ ಮಿಲತೀ’, ಭೋಜಪುರಿಯಲ್ಲಿ ನೌಕರಿ ಎಲ್ಲಿ ಸಿಗುತ್ತಿತ್ತು, ಎಂದರು.

ಹೇರಿಕೆಯ ಮಾತು ಸುಳ್ಳಲ್ಲ. ಇಂಗ್ಲಿಷಿನ ಹದಿನೈದು ವರ್ಷಗಳ ಗಡುವು ಮುಗಿಯುವ 1965ರ ಜನವರಿ 26 ಹತ್ತಿರ ಬಂದಂತೆ ಮದ್ರಾಸ್ ರಾಜ್ಯ ಹೊತ್ತಿ ಉರಿಯಿತು. ಯುವಕರು ಮೈಗೆ ಬೆಂಕಿ ಹಚ್ಚಿಕೊಂಡರು, ಗೋಲಿಬಾರುಗಳಾದವು. ಹಿಂದಿಯೇತರ ರಾಜ್ಯಗಳ ಶಾಸಕಾಂಗಗಳೆಲ್ಲ ಒಪ್ಪುವವರೆಗೆ ಇಂಗ್ಲಿಷ್ ಮುಂದುವರಿಯುವುದೆಂಬ ಭರವಸೆ 1967ರ ತಿದ್ದುಪಡಿಯಾಗಿ ಕಾನೂನಿಗೆ ಸೇರಿದ್ದು ಆ ಬೆಂಕಿಯ ನಂತರ. ಬೆಂಗಳೂರಿನಲ್ಲಿ 2017ರ ಬೇಸಿಗೆ ಕಳೆದು ಮಳೆಗಾಲ ಬರುವಷ್ಟರಲ್ಲಿ ನಮ್ಮ ಮೆಟ್ರೋದ ಫಲಕಗಳಿಂದ ಹಿಂದಿ ಮರೆಯಾದದ್ದನ್ನು ನೋಡಿದ್ದೇವೆ. ಆ ಹೋರಾಟದಲ್ಲಿ ನಾನು ಕನ್ನಡದ ಪಕ್ಷವೇ. ಹಳ್ಳಿಯ ಬ್ಯಾಂಕಿನ ಕೌಂಟರಿನಲ್ಲಿ ಕನ್ನಡ ಬಾರದವರನ್ನು ಕೂರಿಸಿ, ಹಿಂದಿ ಫಾರಂ ಇದೆಯೇ ಇಲ್ಲವೇ ಎಂದು ತಪಾಸಣೆ ಮಾಡುವ ವ್ಯವಸ್ಥೆಯಲ್ಲಿ ನಾನೇ ಒಂದು ಹಲ್ಲಾಗಿ ತಿರುಗಿದ್ದೇನೆ. ಗ್ರಾಮೀಣ ಬ್ಯಾಂಕುಗಳ ನೇಮಕಾತಿ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದೆಂಬ ಘೋಷಣೆ ಕೇಳಲು 2019ರವರೆಗೆ ಕಾಯಬೇಕಾಯಿತು.

ಹಾಗಿದ್ದೂ ಸೆಪ್ಟೆಂಬರ್ ತಿಂಗಳಲ್ಲಿ ಹಿಂದಿಯನ್ನು ಬೈಯುವವರ ನಡುವೆ ನನಗೆ ಮುಜುಗರವಾಗುತ್ತದೆ. ರಾಜಭಾಷಾ ವಿಭಾಗ 1975ರಲ್ಲಿ ಹುಟ್ಟುವುದಕ್ಕೆ ಶತಮಾನಗಳ ಮೊದಲೇ ಈ ನುಡಿ ನಮ್ಮ ನೆಲದಲ್ಲಿ ಮನೆ ಕಟ್ಟಿತ್ತು. 1580ರಿಂದ 1627ರವರೆಗೆ ಬಿಜಾಪುರವನ್ನಾಳಿದ ಎರಡನೆಯ ಇಬ್ರಾಹಿಂ ಆದಿಲಶಾಹ ಸರಸ್ವತಿಯನ್ನೂ ಗಣಪತಿಯನ್ನೂ ನೆನೆದು ದಖನಿಯಲ್ಲಿ ಹಾಡು ಕಟ್ಟಿದ. ಉತ್ತರದಲ್ಲಿ ಬ್ರಜ ಮತ್ತು ಅವಧಿಗಳೇ ಕಾವ್ಯದ ನುಡಿಗಳಾಗಿದ್ದ ಕಾಲದಲ್ಲಿ ಇಂದಿನ ಹಿಂದಿಗೆ ಬುಡವಾದ ಖಡೀಬೋಲಿಯ ಈ ದಕ್ಷಿಣದ ರೂಪ ಸಾಹಿತ್ಯವಾಗಿ ಅರಳಿದ್ದು ಬಿಜಾಪುರ, ಗೋಲ್ಕೊಂಡಗಳಲ್ಲಿ. ನಮ್ಮ ಓಣಿಯಲ್ಲಿ ಮುಂಜಾನೆ ಯಾರದೋ ಮನೆಯಿಂದ ತೇಲಿ ಬರುತ್ತಿದ್ದ ಹಿಂದುಸ್ತಾನಿ ಸಂಗೀತದ ಖಯಾಲಿನ ಬಂದಿಶುಗಳು ಬ್ರಜದವು; ಮಲ್ಲಿಕಾರ್ಜುನ ಮನ್ಸೂರರ ಧಾರವಾಡದಲ್ಲಿ ಅವನ್ನು ಯಾರೂ ಪರಭಾಷೆಯೆಂದು ಕೇಳಲಿಲ್ಲ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಹುಟ್ಟಿ ಮಧ್ಯಪ್ರದೇಶದ ದೇವಾಸದಲ್ಲಿ ನೆಲೆಸಿದ ಕುಮಾರ ಗಂಧರ್ವರು ಕಬೀರನ ನಿರ್ಗುಣ ಪದಗಳನ್ನು ಹಾಡಿದ ಮೇಲೆ ಹಿಂದಿ ಸೀಮೆಯವರೇ ಕಬೀರನನ್ನು ಮತ್ತೊಮ್ಮೆ ಕೇಳಿಸಿಕೊಳ್ಳಬೇಕಾಯಿತು. ಇವರಾರಿಗೂ ಕ, ಖ, ಗ ಕ್ಷೇತ್ರಗಳು ಗೊತ್ತಿರಲಿಲ್ಲ.

ನನ್ನ ನಿವೃತ್ತಿಯ ವರ್ಷದ ಪಖವಾಡಾದಲ್ಲಿ, ಹಿರಿಯರೆಂಬ ಗೌರವಕ್ಕೆ, ಒಂದು ದಿನದ ‘ಆಜ್ ಕಾ ಶಬ್ದ್’ ಬರೆಯುವ ಕೆಲಸವನ್ನು ನನಗೇ ಒಪ್ಪಿಸಿದರು. ಇಂಗ್ಲಿಷಿನ ಸಾಲಿನಲ್ಲಿ ಅಪ್ಲಿಕೇಶನ್ ಎಂದು ಬರೆದು, ಅದರ ಕೆಳಗೆ ದೇವನಾಗರಿಯಲ್ಲಿ ‘ಅರ್ಜಿ’, ಅದರ ಕೆಳಗೆ ಕನ್ನಡದಲ್ಲಿ ‘ಅರ್ಜಿ’ ಎಂದು ಬರೆದೆ. ಒಂದೇ ಪದ, ಎರಡು ಲಿಪಿ. ದೇವರಿಯಾದ ಗೆಳೆಯರು ಬಂದು ಹಲಗೆ ನೋಡಿದರು, ಕನ್ನಡಕ ಸರಿಪಡಿಸಿಕೊಂಡು ಮತ್ತೊಮ್ಮೆ ನೋಡಿದರು, ಜೋರಾಗಿ ನಕ್ಕರು. ಶಬ್ದಾವಳಿಯಲ್ಲಿರುವುದು ‘ಆವೇದನ’, ತಿಮಾಹಿ ರಿಪೋರ್ಟಿನ ಜೊತೆ ಹಲಗೆಯ ಫೋಟೋ ಲಗತ್ತಿಸಬೇಕು, ಏನು ಮಾಡುವುದು ಎಂದರು. ನಾನೇನೂ ಹೇಳಲಿಲ್ಲ. ಅವರು ಬಟ್ಟೆಯಿಂದ ನಡುವಿನ ಸಾಲನ್ನು ಒರೆಸಿ ‘ಆವೇದನ’ ಎಂದು ಬರೆದು ಫೋನಿನಲ್ಲಿ ಫೋಟೋ ತೆಗೆದುಕೊಂಡರು. ಆಮೇಲೆ ಅದನ್ನೂ ಒರೆಸಿ, ತಮ್ಮ ದುಂಡನೆಯ ಅಕ್ಷರಗಳಲ್ಲಿ ಮತ್ತೆ ‘ಅರ್ಜಿ’ ಎಂದು ಬರೆದು, ಪೆನ್ನಿನ ಮುಚ್ಚಳ ಹಾಕಿ, ಚಹಾಕ್ಕೆ ಹೋಗೋಣ ಬನ್ನಿ ಎಂದರು.